ಪಂಕಜಾಕ್ಷಿಗೆ ಇದ್ದದ್ದು ಗ್ಯಾಸ್ ಅಲ್ಲ

ಮಾನ್ಯ ಜಿಲ್ಲಾ ವೈದ್ಯಾಧಿಕಾರಿಗಳೇ,

ಕಳೆದ ಮಂಗಳವಾರ ಆರೋಗ್ಯ ಕೇಂದ್ರದಿಂದ ನನ್ನ ಹೆಂಡತಿ ಪಂಕಜಾಕ್ಷಿಗೆ ಫೋನ್ ಬಂತು. ಸಕ್ಕರೆ ಕಾಯಿಲೆಯ ಶಿಬಿರವಿದೆ, ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದು ಮಲಯಾಳದಲ್ಲಿ ಹೇಳಿದ್ದು ಹೇಗೋ ತಿಳಿಯಿತು. ಅವಳು ತೀರಿಕೊಂಡು ಒಂದು ಮಳೆಗಾಲವೇ ಕಳೆಯಿತು ಎಂದೆ. ಕರೆ ಮಾಡಿದ ಹುಡುಗಿ ಪಾಪ, ಫೋನ್ ಇಟ್ಟಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಪಂಕಜಾಕ್ಷಿಯನ್ನು ಕೊಂಡುಹೋದದ್ದು ಸಕ್ಕರೆಯಲ್ಲ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಅದರ ಲಕ್ಷಣಗಳು ಇಂಥಿಂಥವು ಎಂದು ನಿಮ್ಮ ಇಲಾಖೆ ನಮಗೆ ಅರ್ಥವಾಗುವ ಭಾಷೆಯಲ್ಲಿ ಒಮ್ಮೆಯಾದರೂ ಹೇಳಿದೆಯೇ? ಇದೇ ನನ್ನ ದೂರು.

ಗಡಿನಾಡಿನ ಈ ಅನಂತಪುರದ ಕೈಗಾರಿಕಾ ಪ್ರದೇಶದ ಬದಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಅಡುಗೆ ಅವಳದು, ಬಡಿಸುವುದು ನನ್ನದು. 2016ರ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಗೋಳಿಬಜೆಯ ಎಣ್ಣೆ ಕಾಯುತ್ತಿದ್ದಾಗ ಅವಳು ಒಲೆಯ ಬಳಿಯಿಂದ ಎದ್ದು ಹೊರಗೆ ಹೋದಳು. "ಎಣ್ಣೆಯ ವಾಸನೆ ಆಗುವುದಿಲ್ಲ ಇವರೇ, ಹೊಟ್ಟೆ ತೊಳಸ್ತದೆ," ಎಂದಳು. ಅಷ್ಟು ವರ್ಷ ಎಣ್ಣೆಯ ಮುಂದೆಯೇ ನಿಂತವಳು! ಮೇಲುಹೊಟ್ಟೆಯಲ್ಲಿ ಶುರುವಾದ ನೋವು ಬೆನ್ನಿನವರೆಗೆ ಹೋಗುತ್ತಿತ್ತು. ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಕಡಿಮೆ. ಆರೋಗ್ಯ ಕೇಂದ್ರದಲ್ಲಿ ಗ್ಯಾಸ್ ಎಂದರು, ಮಾತ್ರೆ ಕೊಟ್ಟರು. ಹೋಟೆಲು ನಡೆಸುವವರಿಗೆ ಗ್ಯಾಸ್ ಬರದೆ ಇನ್ನಾರಿಗೆ ಬರಬೇಕು? ನಾವೂ ನಂಬಿದೆವು.

ಆಮೇಲೆ ಅವಳು ಸಣಕಲಾಗತೊಡಗಿದಳು. ಮರದ ಮಿಲ್ಲಿನ ಬಟ್ಯ ಚಹಾ ಕುಡಿಯುತ್ತಾ, "ಎಂತ ಅಕ್ಕಾ, ಒಳ್ಳೆ ಸಪೂರ ಆಗಿದ್ದೀರಿ! ನಮ್ಮವಳಿಗೂ ಆ ಗುಟ್ಟು ಹೇಳಿ ಮಾರಾಯ್ರೆ," ಎಂದು ನಗಿಸಿದ. ಅವನಿಗೇನು ಗೊತ್ತು? ಆದರೆ ಗೊತ್ತಿರಬೇಕಾದವರೂ ಅದನ್ನೇ ಹೇಳಿದರು. ಮನೆತನದಲ್ಲಿ ಯಾರಿಗೂ ಇಲ್ಲದ ಸಕ್ಕರೆ ಕಾಯಿಲೆ ಐವತ್ತೆರಡರ ಹೆಂಗಸಿಗೆ ಇದ್ದಕ್ಕಿದ್ದ ಹಾಗೆ ಕಾಣಿಸಿಕೊಂಡಾಗ ಕೇಂದ್ರದ ವೈದ್ಯರು ಪಥ್ಯ ಬರೆದುಕೊಟ್ಟರು. ಮುಂದಿನ ಸಲ ತೂಕ ನೋಡಿ, ಪಥ್ಯ ಚೆನ್ನಾಗಿ ಮಾಡುತ್ತಿದ್ದೀರಿ ಎಂದು ಮೆಚ್ಚಿಕೊಂಡರು. ಮಾನ್ಯರೇ, ಸಾವು ಮೈಯನ್ನು ತಿನ್ನುತ್ತಿದ್ದಾಗ ನನ್ನ ಹೆಂಡತಿಗೆ ಸಿಕ್ಕಿದ್ದು ಸರಕಾರಿ ಶಹಭಾಸ್.

ಕೊನೆಗೆ ಕಣ್ಣು ಹಳದಿಯಾಯಿತು, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು, ಮಲ ಬಿಳಿಚಿ ಜಿಡ್ಡುಜಿಡ್ಡಾಯಿತು, ಮೈಯೆಲ್ಲ ತುರಿಕೆ. ಕಾಮಾಲೆ ಎಂದು ನೆಂಟರು ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದರು. ಅಷ್ಟರಲ್ಲಿ ಮತ್ತೂ ದಿನಗಳು ಹೋದವು. ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ರೋಗ ಯಕೃತ್ತಿಗೂ ಹರಡಿತ್ತು. ಡಾಕ್ಟರರು "ಮೇದೋಜೀರಕ" ಎಂದಾಗ ಪಂಕಜಾಕ್ಷಿ ನನ್ನ ಕಡೆ ತಿರುಗಿ, "ಜೀರಕವಾ? ಎಂತದು, ಜೀರಿಗೆಯ ಜಾತಿಯಾ?" ಎಂದಳು. ತನ್ನನ್ನು ಕೊಲ್ಲುತ್ತಿದ್ದ ಅಂಗದ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು. ನಾನೂ ಅಷ್ಟೇ.

ಮೊದಲೇ ತಿಳಿದಿದ್ದರೆ ಉಳಿಯುತ್ತಿದ್ದಳೆಂದು ನಾನು ಆಣೆಯಿಟ್ಟು ಹೇಳಲಾರೆ. ಇದು ಕಳ್ಳ ರೋಗ, ಬೇಗ ಸಿಕ್ಕಿದರೂ ಕಷ್ಟವೇ ಎಂದು ಅಲ್ಲಿನ ಡಾಕ್ಟರರೇ ಹೇಳಿದರು. ಹೊಟ್ಟೆ ನೋಯುವವರಿಗೆಲ್ಲ ಕ್ಯಾನ್ಸರ್ ಎಂದು ಹೆದರಿಸಿರಿ ಎಂದೂ ನಾನು ಹೇಳುತ್ತಿಲ್ಲ. ಆದರೆ ನೋವು ಬಿಡದಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಆ ಹೊತ್ತಿಗೇ ಹೊಸದಾಗಿ ಸಕ್ಕರೆ ಕಂಡರೆ, ಇನ್ನೊಮ್ಮೆ ನೋಡೋಣ ಎನ್ನಲು ಎಷ್ಟು ವಿದ್ಯೆ ಬೇಕು? ಸೊಳ್ಳೆಯ ಬಗ್ಗೆ ನಮಗೆ ಬೇಕಾದಷ್ಟು ಹೇಳಿದ್ದೀರಿ, ಉಪಕಾರವಾಯಿತು. ಕ್ಯಾನ್ಸರ್ ಜಾಗೃತಿ ಸಭೆಗೂ ನಾನು ಹೋಗಿದ್ದೆ. ಭಾಷಣವೆಲ್ಲ ಮಲಯಾಳದಲ್ಲಿ, ಅದೂ ಪುಸ್ತಕದ ಮಲಯಾಳದಲ್ಲಿ. ನನಗೆ ಪೂರ್ತಿ ಅರ್ಥವಾದದ್ದು "ನಂದಿ, ನಮಸ್ಕಾರಂ" ಎಂಬ ಕೊನೆಯ ವಂದನೆ ಮಾತ್ರ.

ಸ್ಕ್ಯಾನ್ ಆದ ಮೇಲೆ, ಮನೆಗೇ ಬಂದು ನೋವಿಗೆ ಮದ್ದು ಕೊಡುವ ಪಾಲಿಯೇಟಿವ್ ನರ್ಸನ್ನು ಕಳಿಸಿದಿರಿ. ಆಕೆ ದೇವರಂಥವರು. ಬೆನ್ನು ಒರೆಸುತ್ತಿದ್ದರು, ಹೊತ್ತು ನೋಡದೆ ಕೂರುತ್ತಿದ್ದರು. ಆದರೆ ಅವರಿಗೆ ಕನ್ನಡ ಬಾರದು, ಪಂಕಜಾಕ್ಷಿಗೆ ಮಲಯಾಳ ಬಾರದು. ನಡುವೆ ನಿಂತವಳು ಪಕ್ಕದ ಮನೆಯ ಮುಹ್ಸಿನಾ. ಶಿರಿಯ ಎಂಬ ಊರಿನಿಂದ ಬಂದ ಹುಡುಗಿ, ಮಲಯಾಳ ಶಾಲೆಯಲ್ಲಿ ಕಲಿತವಳು. ಮಲ ಹೋಯಿತೇ, ಎಲ್ಲಿ ನೋವು ಎಂಬುದೆಲ್ಲ ಅವಳ ಬಾಯಿಂದಲೇ ದಾಟಬೇಕಿತ್ತು. ಒಂದು ದಿನ ಪಂಕಜಾಕ್ಷಿ, "ನನಗೆ ಗುಣ ಆಗ್ತದಾ ಕೇಳು," ಎಂದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನರ್ಸ್ ಅವಳ ಕೈ ಹಿಡಿದು ನಿಧಾನವಾಗಿ, ಮೆತ್ತಗೆ, ತುಂಬ ಹೊತ್ತು ಮಾತಾಡಿದರು. ಮುಹ್ಸಿನಾಳ ಕಣ್ಣು ತುಂಬಿತು. "ಗುಣ ಆಗ್ತದಂತೆ ಪಂಕಜಕ್ಕ," ಎಂದಳು.

ಪಂಕಜಾಕ್ಷಿ ಅವಳನ್ನೇ ನೋಡಿದಳು. "ಅಷ್ಟು ಉದ್ದ ಹೇಳಿದ್ದು ಅಷ್ಟೇಯಾ, ಮುಹ್ಸಿನಾ?"

ಹುಡುಗಿ ಜಗಲಿಗೆ ಓಡಿಹೋಗಿ ಅತ್ತಳು. ಅವಳನ್ನು ದೂರಲೇ? ಅಂಥ ಮಾತನ್ನು ದಾಟಿಸುವ ಕೆಲಸ ಅವಳ ಹೆಗಲಿಗೇಕೆ ಬರಬೇಕಿತ್ತು? ನರ್ಸ್ ಹೋದ ಮೇಲೆ, "ನೀವಾದ್ರೂ ಹೇಳಿ," ಎಂದು ಪಂಕಜಾಕ್ಷಿ ನನ್ನನ್ನು ಕೇಳಿದಳು. ಹೇಳಿದೆ. ಅವಳು ಅಳಲಿಲ್ಲ. "ಹಾಗಾದ್ರೆ ಗೌತಮಿಗೆ ಬರ್ಲಿಕ್ಕೆ ಹೇಳಿ. ಅವಳ ಹತ್ರ ಮಾತಾಡ್ಲಿಕ್ಕೆ ಉಂಟು," ಎಂದಳು. ಮಗಳು ಅಗಲ್ಪಾಡಿಯಿಂದ ಬಂದಳು. ಇಬ್ಬರೂ ಬಾಗಿಲು ಹಾಕಿಕೊಂಡು ಮಾತಾಡಿದರು. ಏನೆಂದು ನಾನು ಕೇಳಿಲ್ಲ. ಆ ವಾರ ಮುಗಿಯುವುದರೊಳಗೆ ಪಂಕಜಾಕ್ಷಿ ಮಾತು ನಿಲ್ಲಿಸಿದಳು, ಮುಂದಿನ ವಾರ ಉಸಿರು ನಿಲ್ಲಿಸಿದಳು.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ದೊಡ್ಡದೇನಲ್ಲ. ಈ ರೋಗದ ಲಕ್ಷಣಗಳನ್ನು ಕನ್ನಡ, ತುಳು, ಬ್ಯಾರಿ ಭಾಷೆಗಳಲ್ಲಿಯೂ ಹೇಳಿಸಿ. ಗೋಡೆಯ ಮೇಲೆ ಬರೆಸಿದರೆ ಸಾಲದು, ಹೆಂಗಸರ ಕೂಟಗಳಿಗೆ ಹೋಗಿ ಬಾಯಲ್ಲಿ ಹೇಳಿಸಿ. ನಿಮ್ಮ ವೈದ್ಯರು ತೂಕ ಇಳಿದವರನ್ನು ಹೊಗಳುವ ಮೊದಲು ಒಮ್ಮೆ ಅನುಮಾನಪಡಲಿ. ಮನೆಗೆ ಬರುವ ನರ್ಸಿನ ಜೊತೆ ರೋಗಿಯ ಮಾತು ಬಲ್ಲವರೊಬ್ಬರು ಬರಲಿ. ಮನೆಯವರಿಗೂ ನಾಲ್ಕು ಮಾತು ಹೇಳಲಿ, ಎಲ್ಲ ಮುಗಿದ ಮೇಲೂ ಒಮ್ಮೆ ಬಂದುಹೋಗಲಿ. ಸಾಯುತ್ತಿರುವ ಮನುಷ್ಯನಿಗೆ ತನ್ನ ಸಾವಿನ ಸುದ್ದಿಯನ್ನು ತನ್ನದೇ ಭಾಷೆಯಲ್ಲಿ, ಪೂರ್ತಿಯಾಗಿ ಕೇಳುವ ಹಕ್ಕಿದೆ.

ಇಂತಿ,
ತಮ್ಮದೇ ಜಿಲ್ಲೆಯಲ್ಲಿ, ಕನ್ನಡದಲ್ಲಿ ನೋಯುತ್ತಿರುವ
ಉದಯಶಂಕರ, ಅನಂತಪುರ