ಪವಿತ್ರ ಓದಿದ ನನ್ನ ಪುಸ್ತಕ

೧೪ ಆಗಸ್ಟ್ ೨೦೦೭, ಮಂಗಳವಾರ
ಚಿಂತಾಮಣಿ

ಪವಿತ್ರಳ ಹೆಸರು ಹೇಳಬೇಕಿತ್ತು. ಹೇಳಲಿಲ್ಲ.

ಮಧ್ಯಾಹ್ನ ಹುಟ್ಟಿದ ಮಗು ಅಳಲಿಲ್ಲ. ಹೆರಿಗೆ ವಾರ್ಡಿನ ಹಿರಿಯ ನರ್ಸ್ ನಾನು, ಉಸಿರು ಕೊಡುವ ಆಂಬು ಬ್ಯಾಗ್ ಹಿಡಿದು ಗರ ಬಡಿದವಳಂತೆ ನಿಂತೆ. ನರ್ಸಾಗಿ ಸೇರಿ ಎರಡೇ ವರ್ಷವಾದ ಪವಿತ್ರ "ಕೊಡಿ ಅಕ್ಕ" ಎಂದು ಕಸಿದುಕೊಂಡಳು. ಮಗುವಿನ ತಲೆ ಸರಿಮಾಡಿ ಬ್ಯಾಗ್ ಒತ್ತಿದಳು. ಸ್ವಲ್ಪ ಹೊತ್ತಿಗೆ ಮಗು ಅತ್ತಿತು.

ಹೊರಗೆ ಮಗುವಿನ ಅಜ್ಜಿ ನನ್ನ ಕೈ ಹಿಡಿದು, "ದೊಡ್ಡ ಸಿಸ್ಟರಮ್ಮ, ನೀವಿದ್ದಿದ್ದಕ್ಕೆ ಉಳೀತು ತಲ್ಲೀ, ನನ್ನ ತಾಯೀ" ಎಂದರು. ನಾನು ಕೈ ಬಿಡಿಸಿಕೊಳ್ಳಲೂ ಇಲ್ಲ.

ಹೋದ ತಿಂಗಳು, ಅಳದ ಮಗುವಿಗೆ ಉಸಿರು ಕೊಡುವ ತರಬೇತಿಗೆ ತನ್ನನ್ನು ಕಳಿಸಿ ಎಂದು ಪವಿತ್ರ ಕೇಳಿದ್ದಳು. ಸೀನಿಯಾರಿಟಿ ಹೇಳಿ ನಾನು ಹೋದೆ. ತರಬೇತಿ ಚಿಕ್ಕಬಳ್ಳಾಪುರದಲ್ಲಿ, ತಂಗಿಯ ಗೃಹಪ್ರವೇಶವೂ ಅಲ್ಲೇ. ಎರಡು ದಿನವೂ ಬೆಳಿಗ್ಗೆ ಸಹಿ ಹಾಕಿ ತಂಗಿಯ ಮನೆಗೆ ನಡೆದೆ. ಅಲ್ಲಿ ಕೊಟ್ಟ ಪುಸ್ತಕವನ್ನು ಬಿಡಿಸಿಯೂ ನೋಡದೆ "ಓದ್ಕೊಳಮ್ಮ" ಎಂದು ಪವಿತ್ರಳಿಗೆ ಕೊಟ್ಟೆ.

ಇವತ್ತು ಸಂಜೆ ಆ ಪುಸ್ತಕವನ್ನು ಅವಳಿಂದ ಕೇಳಿ ಇಸ್ಕೊಂಡೆ. "ನಿಮ್ದೇ ಅಲ್ವಾ ಅಕ್ಕ" ಎಂದಳು. ಪುಟಪುಟಕ್ಕೂ ಪೆನ್ಸಿಲ್ ಗೆರೆ. ಅಂಚಿನಲ್ಲಿ, ಗೊಂಬೆ ಇಟ್ಟುಕೊಂಡು ಅಭ್ಯಾಸ ಮಾಡಿದ ತಾರೀಖುಗಳು. ಕೊನೆಯ ಪುಟದಲ್ಲಿ, ಒಂದಿಷ್ಟೂ ಮುದುರದ ಹಾಗೆ, ನಾನು ಅದರಲ್ಲೇ ಮರೆತು ಕೊಟ್ಟಿದ್ದ ನನ್ನ ತರಬೇತಿ ಸರ್ಟಿಫಿಕೇಟನ್ನು ಜೋಪಾನವಾಗಿ ಇಟ್ಟಿದ್ದಾಳೆ.