ಕರಿಯನ ಪಾಲು

ಹಿರೇಗುಂಟನೂರು
೨-೪-೨೦೨೫

ಪ್ರೀತಿಯ ಗೋವಿಂದ ಚಿಕ್ಕತಾತಾ,

ನಾನು ಸುಮಾ, ನಿಮ್ಮ ಅಣ್ಣ ರಂಗಪ್ಪನವರ ಮೊಮ್ಮಗಳು. ನೀವು ನನ್ನನ್ನು ನೋಡಿಲ್ಲ. ಮಂಡಿನೋವು ಹೇಗಿದೆ? ವಿಳಾಸ ಕೊಟ್ಟ ನಾಗಭೂಷಣ ಮಾಮ ಹೇಳಿದರು. ಬಬ್ಬೂರಿನ ಬಿಸಿಲು ನಮ್ಮೂರಿಗಿಂತ ಜೋರಂತೆ, ಮಧ್ಯಾಹ್ನ ಹೊರಗೆ ಹೋಗಬೇಡಿ. ಫೋನ್ ಮಾಡಿದರೆ ನಮ್ಮ ಮನೆಯ ಹೆಸರು ಕೇಳುತ್ತಲೇ ಇಟ್ಟುಬಿಡುತ್ತೀರಂತೆ. ಕಾಗದವಾದರೆ ಹರಿಯುವ ಮೊದಲು ಎರಡು ಸಾಲಾದರೂ ಓದುತ್ತೀರಿ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಕುರಿ ಕೊಯ್ದಾಗ ಹಳೇ ಬೇಟೆಯ ಮಾತು ಬಂತು. ಈಗ ಮೊಲ ಹಿಡಿದರೂ ಕೇಸು. ಆಗ ನೀವೆಲ್ಲ ಕಾಡುಹಂದಿಯನ್ನೇ ಹೊತ್ತು ತರುತ್ತಿದ್ದಿರಂತೆ! ಅಜ್ಜಿ ಕಾಳಕ್ಕನ ಬೆನ್ನುಬಿದ್ದು ಒಂದೊಂದೇ ಕೇಳಿದೆ. ಬೇಟೆಯ ಬಾಡು ಒಳಗಿನ ಒಲೆಗೆ ಏರುವಂತಿರಲಿಲ್ಲವಂತೆ. ಹಿತ್ತಲಲ್ಲಿ ಮೂರು ಕಲ್ಲು, ಅದಕ್ಕೇ ಅಂತ ಬೇರೆ ಮಡಕೆ. ಹಂದಿಯ ಕೂದಲನ್ನು ಹುಲ್ಲಿನ ಬೆಂಕಿಯಲ್ಲಿ ಸುಟ್ಟು, ಕೆರೆದು, ಅರಿಶಿನ ಹಚ್ಚಿದರೆ ಸಾಕು, ಎಣ್ಣೆ ಬೇಡ, ತನ್ನ ನೆಣದಲ್ಲೇ ಬೇಯುತ್ತಿತ್ತಂತೆ. ಮೊಲಕ್ಕೆ ಬೆಳ್ಳುಳ್ಳಿ ಹೆಚ್ಚು. ಗೌಜಲಹಕ್ಕಿ ಸಿಕ್ಕರೆ ಕೆಂಡದಲ್ಲಿ ಸುಟ್ಟು ಬರೀ ಉಪ್ಪು, ಖಾರ. "ಮುದ್ದೆ ಸಾಲ್ತಿರಲಿಲ್ಲ ಕಣೇ, ನಿನ್ನ ಚಿಕ್ಕತಾತ ಒಬ್ನೇ ನಾಲ್ಕು ನುಂಗೋನು" ಎಂದು ಅಜ್ಜಿ ನಕ್ಕಳು. ನಾಲ್ಕು ನಿಜವೇ?

ಆಮೇಲೆ ಗುಡ್ಡೆ ಹಾಕುವ ವಿಷಯ. ಎಲೆಗಳ ಮೇಲೆ ಬಾಡನ್ನು ಸಮಸಮ ಗುಡ್ಡೆ ಮಾಡಿ, ಬೇಟೆಗೆ ಹೋದ ಒಬ್ಬೊಬ್ಬರಿಗೂ ಒಂದು, ನಾಯಿಗೂ ಒಂದು. ನಾಯಿಯ ಗುಡ್ಡೆ ಸಾಕಿದವರ ಮನೆಗೆ. ನಾಯಿಗೂ ಮನುಷ್ಯರಷ್ಟೇ ಪಾಲು ಎಂದು ಕೇಳಿ ನನಗೆ ಬಹಳ ಖುಷಿಯಾಯಿತು. ಅಷ್ಟರಲ್ಲಿ ತಾತ ಎದ್ದು, ಪ್ರತಿ ವರ್ಷದಂತೆ ಒಂದು ಪಾಲನ್ನು ಎಲೆಯಲ್ಲಿ ಕಟ್ಟಿಕೊಂಡು ಹೊಲದ ಕಡೆ ಹೋದರು. ದೇವರಿಗೆ ಇಡುತ್ತಾರೆ ಎಂದೇ ನಾವು ತಿಳಿದಿದ್ದೆವು. ಅಜ್ಜಿ ದನಿ ತಗ್ಗಿಸಿ ಆಗ ಹೇಳಿದಳು: ನಿಮ್ಮ ನಾಯಿ ಕರಿಯನನ್ನು ಹಂದಿ ಕೋರೆಯಿಂದ ಸೀಳಿ ಕೊಂದ ದಿನ ಗುಡ್ಡೆ ಹಾಕಿದವರು ತಾತನೇ. "ಸತ್ತ ನಾಯಿಗೆ ಎಂಥಾ ಪಾಲು" ಎಂದು ಒಂದು ಗುಡ್ಡೆ ಕಡಿಮೆ ಹಾಕಿದರಂತೆ. ನಿಮ್ಮ ಗುಡ್ಡೆಯನ್ನೂ ಮುಟ್ಟದೆ ಹೊರಟ ನೀವು ನಲವತ್ತೊಂದು ವರ್ಷವಾದರೂ ಈ ಕಡೆ ತಲೆ ಹಾಕಿಲ್ಲ.

ಸುಮ್ಮನಿರಲಾಗದೆ ತಾತನ ಹಿಂದೆಯೇ ಹೋದೆ. ಕರಿಯನನ್ನು ಹೂತು ನೀವು ನೆಟ್ಟ ಕಲ್ಲು ಹುಣಸೆಮರದ ಬುಡದಲ್ಲಿ ಇನ್ನೂ ಇದೆ. ಅದರ ಮುಂದೆ ಎಲೆ ಬಿಚ್ಚಿಟ್ಟು ಕುಳಿತಿದ್ದರು. ನನ್ನನ್ನು ನೋಡಿಯೂ ಬೈಯಲಿಲ್ಲ. ನನಗೇ ಅಳು ಬಂತು.

ಮನೆಯಲ್ಲಿ ದೊಡ್ಡವರಿಗೆ ನಮಸ್ಕಾರ, ಚಿಕ್ಕವರಿಗೆ ನನ್ನ ಮುದ್ದು.

ನಿಮ್ಮ ಕಾಣದ ಮೊಮ್ಮಗಳು,
ಸುಮಾ

ಮತ್ತೆ: ಕಾಗದ ಮಡಿಸುವಾಗ ತಾತ ಪಕ್ಕಕ್ಕೆ ಬಂದು ನಿಂತರು. ಯಾರಿಗೆ ಎಂದು ಕೇಳಲಿಲ್ಲ. "ಅವತ್ತು ಏಳು ಗುಡ್ಡೆ ಹಾಕ್ಬೇಕಿತ್ತು, ಆರು ಹಾಕ್ದೆ. ತಪ್ಪು ನಂದೇ ಅಂತ ಬರಿ. ಈಗ ಕಣ್ಣು ಮಂಜಾಗೈತೆ, ಗೋವಿಂದನೇ ಬಂದು ಹಾಕ್ಲಿ" ಎಂದರು. ಚಿಕ್ಕತಾತಾ, ಮುಂದಿನ ಹೊಸತೊಡಕಿನವರೆಗೆ ಕಾಯಬೇಡಿ. ಹಂದಿಯಂತೂ ಇಲ್ಲ, ಮನೆಯ ಕೋಳಿ ಇದೆ. ನಾಲ್ಕು ಮುದ್ದೆ ನಾನು ಕಟ್ಟುತ್ತೇನೆ.