ನಗಾರಿ ನುಂಗಿದ ಅಕ್ಷರ

ಮಾನ್ಯ ವಾಹಿನಿ ನಿರ್ದೇಶಕರೇ,

ನಿಮ್ಮ ಸಾಕ್ಷ್ಯಚಿತ್ರದ ಒಂದು ಅಡಿಬರಹ ನನ್ನ ತಮ್ಮನ ದವಡೆ ಮುರಿದಿದೆ. ಅಡಿಬರಹಕ್ಕೆ ಕೈಯಿಲ್ಲ, ವೀಲ್ ಸ್ಪ್ಯಾನರ್ ಹಿಡಿದವರು ಬೇರೆ ಎಂದು ನೀವು ಹೇಳಬಹುದು. ಆ ವಾದವನ್ನು ನಿಮ್ಮ ಕಚೇರಿಯಲ್ಲಿ ಆಗಲೇ ಕೇಳಿಸಿಕೊಂಡು ಬಂದಿದ್ದೇನೆ. ಸ್ಪ್ಯಾನರ್ ಹಿಡಿದವರ ಮೇಲಿನ ದೂರು ಪೊಲೀಸ್ ಠಾಣೆಯಲ್ಲಿದೆ. ಅದರ ಪಕ್ಕದಲ್ಲೇ ನನ್ನ ಮೇಲಿನ ದೂರೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಈ ಪತ್ರ ಮಾತ್ರ ನಿಮಗೇ.

ಸಮುದ್ರದಿಂದ ಸಮುದ್ರಕ್ಕೆ, ಮರಳುಗಾಡನ್ನೂ ಹಿಮದ ಕಣಿವೆಯನ್ನೂ ಲಾರಿಗಳಲ್ಲಿ ದಾಟಿದ ಆ ಮೊಟ್ಟಮೊದಲ ಸಾಹಸಯಾತ್ರೆಯ ಕಥೆಯನ್ನು ನೀವು ಬಹಳ ಚೆಂದವಾಗಿ ತೋರಿಸಿದಿರಿ. ಹಳೆಯ ಚಿತ್ರಗಳಿಗೆ ಬಣ್ಣ ಹಚ್ಚಿದಿರಿ. ಯಾತ್ರೆಯ ನಾಯಕರ ಪ್ರತಿಮೆಯ ಸುತ್ತ ಕ್ಯಾಮೆರಾ ತಿರುಗಿಸಿ ತಿರುಗಿಸಿ ನಮಗೇ ತಲೆ ಸುತ್ತಿಸಿದಿರಿ. ಕೊನೆಯ ಲಾರಿ ಓಡಿಸಿದವರು ನಮ್ಮ ಅಪ್ಪ. ಅವರು ಹೊರಟಾಗ ನಾನು ಅಂಬೆಗಾಲಿಡುತ್ತಿದ್ದೆ, ತಮ್ಮ ಹೊಟ್ಟೆಯಲ್ಲಿದ್ದ. ಯಾತ್ರೆ ಮುಗಿದ ಮೇಲೆ ಯಾರೋ ಬಂದು, ಹಿಮದಲ್ಲಿ ಕಾಣೆಯಾದರು ಎಂದು ಅಮ್ಮನಿಗೆ ಹೇಳಿ ಹೋದರಂತೆ. ಸಾಯುವ ತನಕ ಅಮ್ಮ ಆ ಮಾತನ್ನೇ ನಂಬಿಕೊಂಡಿದ್ದಳು.

ನಿಮ್ಮ ಚಿತ್ರದಲ್ಲಿ ಮಾತಾಡುವ ಮುದುಕ ಯಾತ್ರೆಯ ಅಡುಗೆಯವರು. ಅಪ್ಪನಿಗಿಂತ ಚಿಕ್ಕವರಾದ್ದರಿಂದ ನಮಗೆ ಅಡುಗೆ ಚಿಕ್ಕಪ್ಪ. ಆ ತಂಡದಲ್ಲಿ ಈಗ ಉಳಿದಿರುವವರು ಅವರೊಬ್ಬರೇ. ಅವರಿಗೆ ಹಲ್ಲಿಲ್ಲ, ಮಾತು ಹರಿದು ಹರಿದು ಬರುತ್ತದೆ. ಕಣಿವೆಯ ಭಾಗಕ್ಕೆ ಬಂದಾಗ ಅವರು “ಅವ್ನ ಬಿಟ್ಟೋದ್ವಿ” ಎಂದರು. ಕೊನೆಯ ಅಕ್ಷರ ಬಾಯಿಂದ ಹೊರಬೀಳುವಾಗಲೇ ನಿಮ್ಮವರು ಧಡಾರನೆ ನಗಾರಿ ಬಾರಿಸಿದರು. ರೋಮಾಂಚನ ಬೇಕಲ್ಲ! ಉಳಿದದ್ದು “ಅವ್ನ ಬಿಟ್ಟೋದ್”. ಅಡಿಬರಹ ಬರೆದ ಜಾಣರು ಅದನ್ನು ತಿದ್ದಿ, ಇಸ್ತ್ರಿ ಹಾಕಿ, “ಅವನು ಬಿಟ್ಟುಹೋದ” ಎಂದು ಮೂಡಿಸಿದರು. ಹಿಂದೆಯೇ ನಿರೂಪಕರ ಗಂಭೀರ ಕಂಠ: “ಸಂಗಡಿಗರನ್ನು ಸಾವಿನ ದವಡೆಯಲ್ಲಿ ಬಿಟ್ಟು ಒಬ್ಬ ಚಾಲಕ ಪಲಾಯನ ಮಾಡಿದ.” ಒಂದು ‘ವಿ’ ಉದುರಿದ್ದಕ್ಕೆ ನಮ್ಮ ಅಪ್ಪ ಹೇಡಿಯಾದರು.

ಮರುದಿನ ಚಿಕ್ಕಪ್ಪ ಬಸ್ಸು ಹತ್ತಿ ನಮ್ಮ ಗ್ಯಾರೇಜಿಗೇ ಬಂದರು. ಒಳಗೆ ತಮ್ಮ ಬ್ರೇಕ್ ಕೆಲಸ ಮಾಡುತ್ತಾನೆ, ಮುಂದಿನ ಕಟ್ಟೆಯ ಮೇಲೆ ನಾನು ಲಾರಿ ಸೀಟುಗಳಿಗೆ ರೆಕ್ಸಿನ್ ಹೊಲಿಯುತ್ತೇನೆ. ಚಿಕ್ಕಪ್ಪ ನನ್ನ ಸ್ಟೂಲಿನ ಮೇಲೆ ಕುಸಿದು ಕೂತು, ಎದೆ ಬಡಿದುಕೊಂಡು ಅತ್ತರು.

“ನಾನು ಹಂಗೆ ಹೇಳೇ ಇಲ್ಲ ಮಗಳೇ. ಇಷ್ಟು ವರ್ಷ ನಾಚಿಕೆಗೆ ನಿಮ್ಮ ಹತ್ರ ಬಾಯಿ ಬಿಟ್ಟಿರ್ಲಿಲ್ಲ. ಲಾರಿ ಮಗುಚಿ ನಿಮ್ಮಪ್ಪನ ಕಾಲು ಅದರಡಿ ಸಿಕ್ಕಿ ಜಜ್ಜಿಹೋಗಿತ್ತು. ಎಳೆದು ಹೊರಗೆ ಹಾಕಿದ್ವಿ. ಹೊತ್ಕೊಂಡು ಹೋದ್ರೆ ಎಲ್ರೂ ಸಾಯ್ತೀವಿ ಅಂದ್ರು ನಾಯಕರು. ಅವನು ತೆವಳ್ಕೊಂಡು ಬಂದು ನಮ್ಮ ಲಾರಿ ಹಿಂದಿನ ಹಲಗೆ ಹಿಡ್ಕೊಂಡ. ನಾಯಕರು ಜಾಕ್ ಹಿಡಿಕೆ ತಗೊಂಡು ಬೆರಳ ಮೇಲೆ ಹೊಡೆದ್ರು. ಮೂಳೆ ಮುರಿದ ಸದ್ದು ಕೇಳಿಸ್ತು. ಆದ್ರೂ ಬಿಡ್ಲಿಲ್ಲ. ಇನ್ನೊಂದು ಕೈಗೂ ಹೊಡೆದ್ರು.”

“ಆಮೇಲೆ?” ಎಂದ ತಮ್ಮ.

“ಬಿಟ್ಟ. ನಾವು ಹೋದ್ವಿ. ಬಹಳ ದೂರದವರೆಗೂ ಕೂಗ್ತಾ ಇದ್ದ ಕಣಪ್ಪ.”

ತಮ್ಮ ಎದ್ದು ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡ. ನನಗೆ ಅಳು ಬರಲಿಲ್ಲ, ಆ ಪ್ರತಿಮೆಯ ಕುತ್ತಿಗೆಗೆ ಹಗ್ಗ ಹಾಕಿ ಎಳೆಯಬೇಕು ಎನ್ನಿಸಿತು. ಈಗಲೂ ಹಾಗೇ ಎನ್ನಿಸುತ್ತದೆ, ಮುಚ್ಚಿಡುವುದೇಕೆ?

ಅಲ್ಲಿಗೆ ನಿಲ್ಲಿಸಿದ್ದರೂ ನಾವು ಹಲ್ಲು ಕಚ್ಚಿಕೊಂಡು ಇರುತ್ತಿದ್ದೆವೇನೋ. ಆದರೆ ನಿಮಗೆ ವೀಕ್ಷಕರ ಪ್ರತಿಕ್ರಿಯೆ ಎಂಬ ಇನ್ನೊಂದು ಕಾರ್ಯಕ್ರಮವಿದೆ. ನಿರೂಪಕಿ ನಗುನಗುತ್ತಾ ಓದಿದರು. “ಅಂಥವನನ್ನು ಅಲ್ಲೇ ಗುಂಡಿಟ್ಟು ಕೊಲ್ಲಬೇಕಿತ್ತು,” ಒಬ್ಬ ನಿವೃತ್ತ ಅಧ್ಯಾಪಕರು. “ಅವನ ವಂಶ ನಿರ್ವಂಶವಾಗಲಿ,” ಒಬ್ಬ ಗೃಹಿಣಿ. ಬರೆದವರು ಒಳ್ಳೆಯ ಜನವೇ ಇರಬೇಕು, ಬೀದಿನಾಯಿಗೆ ಕಲ್ಲು ಹೊಡೆಯಲೂ ಹಿಂದೆಮುಂದೆ ನೋಡುವವರು. ಸೋಫಾದಲ್ಲಿ ಕೂತು ಕಾಣದ ಮನುಷ್ಯನನ್ನು ಕೊಲ್ಲುವುದಕ್ಕೆ ಎಷ್ಟು ಧೈರ್ಯ ಬೇಕು? ಕಡೆಗೆ ಒಂದು ಪ್ರತಿಕ್ರಿಯೆಯನ್ನು ಆಕೆ ಬಹಳ ಉತ್ಸಾಹದಿಂದ ಓದಿದರು: “ಆ ಹೇಡಿಯ ಮಗ ನಮ್ಮೂರ ಬಸ್ ನಿಲ್ದಾಣದ ಹಿಂದೆ ಗ್ಯಾರೇಜು ಇಟ್ಟುಕೊಂಡು ರಾಜಾರೋಷವಾಗಿ ಬದುಕಿದ್ದಾನೆ.” ಬರೆದವರ ಊರನ್ನೂ ಓದಿದರು. ವಿಳಾಸಕ್ಕೆ ಇನ್ನೇನು ಬೇಕಿತ್ತು ಸ್ವಾಮಿ, ಬಾಗಿಲಿನ ಬಣ್ಣವೇ?

ಬೆಳಿಗ್ಗೆ ಜನ ಬಂದರು. ಮುಂದೆ ನಿಂತವನು ಯಾರೋ ಅಪರಿಚಿತನಲ್ಲ. ಹಿಂದಿನ ವಾರವಷ್ಟೇ ನಾನು ಹೊಲಿದುಕೊಟ್ಟ ಸೀಟಿನ ಮೇಲೆ ಕೂತು, “ಅಕ್ಕಾ, ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸಬೇಕು” ಎಂದಿದ್ದ ಲಾರಿ ಮಾಲೀಕ. ಹೋಗಿ ಹೋಗಿ ಅವನು! ಕಲ್ಲು ತೂರಿದರು. ಕಟ್ಟೆಯ ಮೇಲಿದ್ದ ರೆಕ್ಸಿನ್ ಸುರುಳಿಗಳಿಗೆ ಬೆಂಕಿ ಇಟ್ಟರು. ಹೊಗೆಗೆ ಕೆಮ್ಮುತ್ತಾ ಹೊರಬಂದ ತಮ್ಮನ ಅಂಗಿಯ ಕೊರಳಪಟ್ಟಿ ಹಿಡಿದು, ಚಿತ್ರ ಹಿಡಿಯಲು ಮೊಬೈಲನ್ನು ಮುಖಕ್ಕೆ ಒಡ್ಡಿದರು.

“ನಿಮ್ಮಪ್ಪ ಬಿಟ್ಟೋಡಿದ ಅಂತ ಒಂದ್ ಸಲ ಹೇಳಿಬಿಡು. ನಾವು ಹೊರಟುಹೋಗ್ತೀವಿ.”

“ಅಪ್ಪನ್ನ ಬಿಟ್ಟೋದ್ರು,” ಎಂದ ತಮ್ಮ.

ಹೋ ಎಂದು ಕೇಕೆ ಎದ್ದಿತು. ಅವರಿಗೆ ಕೇಳಿಸಿದ್ದು “ಅಪ್ಪ ಬಿಟ್ಟೋದ್ರು”. ಹೆತ್ತವನಿಗೆ ಬಹುವಚನ ಕೊಟ್ಟು ಮಗನೇ ತಪ್ಪೊಪ್ಪಿಕೊಂಡ ಎಂದುಕೊಂಡರು. “ಒಪ್ಕೊಂಡ, ಒಪ್ಕೊಂಡ!” ತಮ್ಮ ಅಲ್ಲಿಗೆ ಸುಮ್ಮನಾಗಿದ್ದರೆ ಉಂಡು ತಿಂದುಕೊಂಡು ಇರುತ್ತಿದ್ದ. ಅವನು ನಮ್ಮಮ್ಮನ ಮಗ, ಸುಮ್ಮನಾಗುವ ಜಾತಿಯಲ್ಲ.

“ಅಪ್ಪ ಅಲ್ಲ ಕಣ್ರಯ್ಯಾ, ಅಪ್ಪನ್ನ! ನಿಮ್ಮ ನಾಯಕ ನಮ್ಮಪ್ಪನ್ನ ಸಾಯೋಕೆ ಬಿಟ್ಟೋದ!”

ವೀಲ್ ಸ್ಪ್ಯಾನರ್ ಅವನ ಮುಖಕ್ಕೆ ಬಿತ್ತು. ಮತ್ತೆ ಬಿತ್ತು. ಅವನ ಹಲ್ಲುಗಳು ನನ್ನ ಕಾಲ ಬಳಿ ಉದುರಿದವು. ನಾನು ಸುತ್ತಿಗೆ ಎತ್ತಿಕೊಂಡು ಬೀಸಿದೆ. ಲಾರಿ ಮಾಲೀಕನ ಭುಜದ ಮೂಳೆ ಮುರಿಯಿತು. ನನ್ನ ಮೇಲಿನ ದೂರು ಅದೇ. ನ್ಯಾಯಾಧೀಶರ ಮುಂದೆ ವಿಷಾದ ವ್ಯಕ್ತಪಡಿಸಿ ಎಂದು ವಕೀಲರು ಹೇಳಿಕೊಡುತ್ತಿದ್ದಾರೆ. ಇನ್ನೂ ಕಲಿಯುತ್ತಿದ್ದೇನೆ, ನಾಲಿಗೆ ಹೊರಳುತ್ತಿಲ್ಲ.

ಆಸ್ಪತ್ರೆಯಿಂದ ನೇರ ನಿಮ್ಮ ಕಚೇರಿಗೆ ಬಂದೆ. ಸೀರೆಯ ಮೇಲೆ ರಕ್ತವಿತ್ತು. ಸೋಫಾ ಕೊಳೆಯಾದೀತೆಂದು ಸ್ವಾಗತಕಾರಿಣಿ ಪ್ಲಾಸ್ಟಿಕ್ ಕುರ್ಚಿ ತರಿಸಿದರು. ಪ್ರತಿಕ್ರಿಯೆ ವಿಭಾಗದ ನಿಮ್ಮ ಅಧಿಕಾರಿ ಎಲ್ಲವನ್ನೂ ಕೇಳಿಸಿಕೊಂಡು, ಮೊಬೈಲ್ ತೆಗೆದು, ಆ ಗುಂಪು ಹಿಡಿದಿದ್ದ ದೃಶ್ಯವನ್ನು ನನಗೇ ತೋರಿಸಿದರು.

“ನಿಮ್ಮ ತಮ್ಮನೇ ಒಪ್ಪಿಕೊಂಡಿದ್ದಾರಲ್ಲಮ್ಮಾ.”

“ಮುಂದಕ್ಕೆ ಓಡಿಸಿ,” ಎಂದೆ.

“ಬಂದಿರೋದೇ ಇಷ್ಟು.”

ಕೇಕೆಯವರೆಗೆ ಮಾತ್ರ ಇತ್ತು. ಹೊಡೆತವನ್ನು ಯಾರೋ ಕತ್ತರಿಸಿ ಎಸೆದಿದ್ದರು. “ಅಡುಗೆ ಚಿಕ್ಕಪ್ಪನನ್ನೇ ಕರೆದು ಕೇಳಿ,” ಎಂದೆ. “ಅವರಿಗೆ ವಯಸ್ಸಾಗಿದೆ, ಏನೇನೋ ಮಾತಾಡ್ತಾರೆ,” ಎಂದರು. ಹೌದೇ? ನಿಮ್ಮ ಚಿತ್ರದಲ್ಲಿ ಅವರು ಇತಿಹಾಸದ ಜೀವಂತ ಸಾಕ್ಷಿಯಾಗಿದ್ದರು. ಆಮೇಲೆ ಆ ಅಧಿಕಾರಿ ಶುಭಸಮಾಚಾರವನ್ನೂ ತಿಳಿಸಿದರು: ಪ್ರತಿಕ್ರಿಯೆ ಅಭೂತಪೂರ್ವವಾಗಿರುವುದರಿಂದ ಚಿತ್ರದ ಮರುಪ್ರಸಾರ ಈ ಭಾನುವಾರ, ಕೊನೆಯಲ್ಲಿ ನನ್ನ ತಮ್ಮನ ‘ತಪ್ಪೊಪ್ಪಿಗೆ’ಯ ಸಮೇತ.

ಮಾನ್ಯರೇ, ನನಗೆ ನಿಮ್ಮ ಕ್ಷಮೆ ಬೇಡ. ಅದನ್ನು ನೀವು ಯಾವ ನಗಾರಿಯ ಜೊತೆ ಪ್ರಸಾರ ಮಾಡುತ್ತೀರೋ ಎಂಬ ಭಯವಿದೆ. ಭಾನುವಾರ ಚಿತ್ರವನ್ನು ಪ್ರಸಾರ ಮಾಡಿಯೇ ಮಾಡಿ. ಚಿಕ್ಕಪ್ಪ ಬಾಯಿ ತೆರೆದಾಗ ನಗಾರಿ ನಿಲ್ಲಿಸಿ. ಅವರು ಹೇಳಿದ್ದನ್ನೇ ಬರೆಯಿರಿ: ಅವನನ್ನು ನಾವು ಬಿಟ್ಟುಹೋದೆವು. ತಮ್ಮನ ದೃಶ್ಯ ಹಾಕುವುದಾದರೆ ಪೂರ್ತಿ ತರಿಸಿಕೊಂಡು ಹಾಕಿ, ಅವನ ಎರಡನೆಯ ಮಾತಿನವರೆಗೆ, ಹೊಡೆತ ಬೀಳುವವರೆಗೆ, ಹಲ್ಲು ಉದುರುವವರೆಗೆ. ಊಟದ ಹೊತ್ತಿನಲ್ಲಿ ವೀಕ್ಷಕರಿಗೆ ಹಿಂಸೆಯಾದೀತು ಎಂಬ ಅಳುಕು ನಿಮಗೆ ಬೇಡ. ಆ ಹಿಂಸೆ ಬೇಕೆಂದು ಕೇಳಿದವರೇ ಅವರು.

ತಮ್ಮನ ದವಡೆಯನ್ನು ತಂತಿಯಲ್ಲಿ ಬಿಗಿದಿದ್ದಾರೆ. ಕೊಳವೆಯಲ್ಲಿ ಹಾಲು ಕುಡಿಸುತ್ತಿದ್ದೇನೆ. ಊರು ಬಿಡೋಣವೇ ಎಂದು ಕೇಳಿದರೆ ತಲೆ ಅಡ್ಡಡ್ಡ ಆಡಿಸುತ್ತಾನೆ. ಭಾನುವಾರ ಗ್ಯಾರೇಜಿನ ಷಟರ್ ಪೂರ್ತಿ ಎತ್ತಿ, ಟಿವಿಯನ್ನು ಬೀದಿಯ ಕಡೆ ತಿರುಗಿಸಿ, ಅಕ್ಕತಮ್ಮ ಇಬ್ಬರೂ ಅದರ ಪಕ್ಕದಲ್ಲಿ ಕೂರುತ್ತೇವೆ. ಆ ಅಕ್ಷರ ಕೇಳಿಸಿದರೆ ಬೀದಿಗೆಲ್ಲ ಕೇಳಿಸುತ್ತದೆ. ಕೇಳಿಸದಿದ್ದರೆ ಅವರು ಮತ್ತೆ ಬರುತ್ತಾರೆ, ಈ ಸಲ ನನ್ನ ತಮ್ಮನಿಗೆ ಕೂಗಿಕೊಳ್ಳುವುದಕ್ಕೂ ಬಾಯಿಲ್ಲ.

ಇಂತಿ,
ನೀವು ಓಡಿಸಿದ ಚಾಲಕನ ಮಗಳು,
ಸೀಟು ಹೊಲಿಯುವವಳು, ಸದ್ಯ ಜಾಮೀನಿನ ಮೇಲೆ ಹೊರಗಿರುವವಳು